ಹನ್ನೆರಡು ವರ್ಷದ ಆಟ

(ಕಲಿಕಾ ಕೇಂದ್ರದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಒಬ್ಬ ಆಟಗಾರ್ತಿಯ ವಿಷಯ ಹೇಳುತ್ತೇನೆ. ಹೆಸರು ಸಾನಿಯಾ ಮಿರ್ಜಾ. ಊರು ಹೈದರಾಬಾದ್. ಕೂಲಿಗೆ, ದವಾಖಾನೆಗೆ, ವ್ಯಾಪಾರಕ್ಕೆ ಅಂತ ನಾವೆಲ್ಲ ಹೋಗಿ ಬರುವ ಊರು ಅದು. ಹಾಗಾಗಿ ಇದು ದೂರದ ಕತೆ ಅಲ್ಲ.

ಆಕೆ ಗೆದ್ದದ್ದು ಬಹಳ ಮಂದಿಗೆ ಗೊತ್ತು. ಆದರೆ ಗೆಲ್ಲುವುದಕ್ಕಿಂತ ಮೊದಲು ಏನಾಯಿತು? ಅದು ನಮಗೆ ಮುಖ್ಯ.

ಸಾನಿಯಾ ಹುಟ್ಟಿದ್ದು 1986ರ ನವೆಂಬರ್ 15ರಂದು, ಮುಂಬೈಯಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಇಮ್ರಾನ್ ಮಿರ್ಜಾ. ತಾಯಿ ನಸೀಮಾ. ಮಗಳಿಗೆ ಆರು ವರ್ಷ ಆದಾಗ ತಾಯಿ ಆಕೆಯನ್ನು ಟೆನಿಸ್ ಕಲಿಸುವ ಗುರುಗಳ ಹತ್ತಿರ ಕರೆದುಕೊಂಡು ಹೋದರು. ಹುಡುಗಿ ಬಹಳ ಸಣ್ಣವಳು ಅಂತ ಗುರುಗಳು ಮೊದಲು ಒಪ್ಪಲಿಲ್ಲ. ತಾಯಿ ಬಿಡಲಿಲ್ಲ. ವಾದ ಮಾಡಿ ಸೇರಿಸಿದರು. ಒಂದು ತಿಂಗಳಾದ ಮೇಲೆ ಅದೇ ಗುರುಗಳು ತಂದೆ ತಾಯಿಯನ್ನು ಕರೆಸಿದರು. ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಆಡುವ ಮಗುವನ್ನು ತಾವು ನೋಡಿಲ್ಲ ಅಂದರು.

ಆಗ ಆಕೆ ಆಡಿದ ನೆಲ ಎಂಥದು ಗೊತ್ತೇನ್ರಿ? ಸಗಣಿ ಸಾರಿಸಿದ ನೆಲ! ನಮ್ಮ ಮನೆ ಅಂಗಳದ ಹಾಗೆ. ಇದನ್ನು ಸಾನಿಯಾ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮುಂದೆ ತಂದೆಯೇ ನಿಂತು ಮಗಳಿಗೆ ಆಟ ಕಲಿಸಿದರು.

ಇನ್ನು ಜನರ ಮಾತು ಕೇಳ್ರಿ. ಹುಡುಗಿಗೆ ಎಂಟು ವರ್ಷ ಇದ್ದಾಗಲೇ ಮಂದಿ ಅನ್ನಲು ಶುರು ಮಾಡಿದರು. ಬಿಸಿಲಲ್ಲಿ ಆಡಿದರೆ ಕಪ್ಪಾಗುತ್ತಾಳೆ. ಕಪ್ಪಾದರೆ ಯಾರು ಮದುವೆ ಆಗುತ್ತಾರೆ? ಎಂಟು ವರ್ಷದ ಮಗು! ಅದಕ್ಕೆ ಮದುವೆಯ ಚಿಂತೆ! ಈ ಮಾತು ನಮ್ಮ ಓಣಿಯಲ್ಲೂ ಕೇಳುತ್ತದೆ, ಹೌದಲ್ಲ?

ಆ ತಂದೆ ತಾಯಿ ಮಾತನ್ನು ಕೇಳಿಸಿಕೊಂಡರು. ಆಟ ಮಾತ್ರ ನಿಲ್ಲಿಸಲಿಲ್ಲ. ಓದೂ ನಿಲ್ಲಲಿಲ್ಲ. ಶಾಲೆ ಮುಗಿಸಿ ಆಕೆ ಹೈದರಾಬಾದಿನ ಸೇಂಟ್ ಮೇರೀಸ್ ಕಾಲೇಜಿಗೂ ಹೋದರು.

2003ರಲ್ಲಿ ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಪಂದ್ಯಗಳು ನಡೆದವು. ಅಲ್ಲಿ ಹುಡುಗಿಯರ ಜೋಡಿ ಆಟದಲ್ಲಿ ಸಾನಿಯಾ ಗೆದ್ದರು. ಜೊತೆಗೆ ಆಡಿದವರು ರಷ್ಯಾ ದೇಶದ ಅಲಿಸಾ ಕ್ಲೆಬನೋವಾ. ಸಾನಿಯಾಗೆ ಆಗ 16 ವರ್ಷ.

ಆದರೆ ಹುಡುಗಿಯರ ಆಟ ಬೇರೆ. ದೊಡ್ಡವರ ಆಟ ಬೇರೆ. ದೊಡ್ಡವರ ಆಟದಲ್ಲಿ ಪ್ರತಿ ಆಟಗಾರ್ತಿಗೆ ಒಂದು ನಂಬರು ಇರುತ್ತದೆ. ಗೆದ್ದಷ್ಟೂ ನಂಬರು ಸುಧಾರಿಸುತ್ತದೆ. 2005ರ ಶುರುವಿನಲ್ಲಿ ಸಾನಿಯಾ ಮೊದಲ ನೂರು ಮಂದಿಯಲ್ಲೂ ಇರಲಿಲ್ಲ. ಆ ವರ್ಷ ಜನವರಿಯಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಆಡಲು ಹೋದರು. ಎರಡು ಸುತ್ತು ಗೆದ್ದರು. ಮೂರನೇ ಸುತ್ತಿನಲ್ಲಿ ಎದುರಿಗೆ ಬಂದವರು ಅಮೆರಿಕದ ಸೆರೆನಾ ವಿಲಿಯಮ್ಸ್. ಜಗತ್ತಿನ ದೊಡ್ಡ ಆಟಗಾರ್ತಿ. ಸಾನಿಯಾ ಸೋತರು.

ಈಗ ಹಲಗೆ ಕಡೆ ನೋಡ್ರಿ. ನಾವು ಕಲಿತ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ಟೆನಿಸ್ ಆಟದಲ್ಲಿ ಒಂದು ಭಾಗಕ್ಕೆ ಸೆಟ್ ಅನ್ನುತ್ತಾರೆ. ಒಂದು ಸೆಟ್‌ನಲ್ಲಿ ಹಲವು ಗೇಮುಗಳು ಇರುತ್ತವೆ. ಸೆಟ್ ಗೆಲ್ಲಲು ಆರು ಗೇಮು ಗೆಲ್ಲಬೇಕು. ಎದುರಾಳಿಗಿಂತ ಎರಡು ಹೆಚ್ಚೂ ಇರಬೇಕು. ಇಬ್ಬರಿಗೂ ಐದೈದು ಆದರೆ ಏಳರವರೆಗೆ ಹೋಗುತ್ತದೆ. ಹೆಂಗಸರ ಆಟದಲ್ಲಿ ಮೊದಲು ಎರಡು ಸೆಟ್ ಗೆದ್ದವರು ಪಂದ್ಯ ಗೆಲ್ಲುತ್ತಾರೆ.

ಸೆರೆನಾ ಗೆದ್ದ ಲೆಕ್ಕ ಹೀಗಿದೆ: 6-1, 6-4.

ಮೊದಲ ಸೆಟ್‌ನಲ್ಲಿ ಸಾನಿಯಾಗೆ ಎಷ್ಟು ಗೇಮು ಸಿಕ್ಕವು? ಒಂದು. ಎರಡನೆಯದರಲ್ಲಿ? ನಾಲ್ಕು. ಓದು ಬಾರದವರು ಸೋತಳು ಅಂತ ಮಾತ್ರ ಕೇಳುತ್ತಾರೆ. ಅಂಕಿ ಓದಲು ಬಂದ ನಿಮಗೆ ಇನ್ನೊಂದು ಕಾಣುತ್ತದೆ. ಹುಡುಗಿ ಸೋಲುತ್ತಲೇ ಸುಧಾರಿಸಿದ್ದಾಳೆ.

ಇದಾದ ಮರುತಿಂಗಳು, ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲೇ ಪಂದ್ಯ ನಡೆಯಿತು. ಕೊನೆಯ ಆಟದಲ್ಲಿ ಎದುರಾಳಿ ಯುಕ್ರೇನ್ ದೇಶದ ಅಲ್ಯೋನಾ ಬೊಂಡರೆಂಕೊ. ಲೆಕ್ಕ ಓದ್ರಿ: 6-4, 5-7, 6-3. ಸಾನಿಯಾ ಮೊದಲ ಸೆಟ್ ಗೆದ್ದರು. ಎರಡನೆಯದು ಕೈ ಬಿಟ್ಟಿತು. ಮೂರನೆಯದು ಮತ್ತೆ ಗೆದ್ದರು. ದೊಡ್ಡವರ ಅಂತರರಾಷ್ಟ್ರೀಯ ಮಟ್ಟದಲ್ಲಿ, ಡಬ್ಲ್ಯುಟಿಎ ಪಂದ್ಯದಲ್ಲಿ, ಒಂಟಿ ಆಟದ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಆದರು. ಆಗ ವಯಸ್ಸು 18.

ಅದೇ ವರ್ಷ ಅಮೆರಿಕದ ಯು.ಎಸ್. ಓಪನ್‌ನಲ್ಲಿ ನಾಲ್ಕನೇ ಸುತ್ತಿಗೆ ಹೋದರು. ವರ್ಷ ಮುಗಿಯುವಾಗ ಅವರ ನಂಬರು 31. ಎರಡು ವರ್ಷದ ಮೇಲೆ, 2007ರಲ್ಲಿ, 27.

ಜನರ ಮಾತು ಮಾತ್ರ ಆಗಲೂ ನಿಂತಿರಲಿಲ್ಲ. 2005ರಲ್ಲಿ ಆಕೆ ಆಡುವಾಗ ಹಾಕುವ ಬಟ್ಟೆ ಸರಿ ಇಲ್ಲ ಅಂತ ಕೆಲವರು ತಕರಾರು ತೆಗೆದರು. ಅಂದರೆ, ಸೋತರೂ ಮಾತು, ಗೆದ್ದರೂ ಮಾತು. ಮಾತು ನಿಂತ ಮೇಲೆ ಮಗಳನ್ನು ಕಳಿಸುತ್ತೇವೆ ಅಂದರೆ ಅವಳು ಹೊಸ್ತಿಲು ದಾಟುವುದೇ ಇಲ್ಲ.

ಮುಂದೆ ಸಾನಿಯಾ ಅವರ ಮಣಿಕಟ್ಟಿಗೆ ಪೆಟ್ಟಾಯಿತು. ಆಪರೇಷನ್ ಆಯಿತು. ಕೊನೆಗೆ ಒಂಟಿ ಆಟ ಬಿಟ್ಟು ಜೋಡಿ ಆಟ ಹಿಡಿದರು. 2015ರಲ್ಲಿ ಜೋಡಿ ಆಟದಲ್ಲಿ ಜಗತ್ತಿಗೇ ಒಂದನೇ ನಂಬರು ಆದರು. 2023ರಲ್ಲಿ ಆಟದಿಂದ ನಿವೃತ್ತರಾದರು.

ಈಗ ಒಂದು ಲೆಕ್ಕ ಮಾಡೋಣ. ಆಟ ಶುರು ಮಾಡಿದಾಗ ವಯಸ್ಸು 6. ಹೈದರಾಬಾದಿನಲ್ಲಿ ಗೆದ್ದಾಗ 18. ಹದಿನೆಂಟರಲ್ಲಿ ಆರು ಕಳೆಯಿರಿ. ಎಷ್ಟು? ಹನ್ನೆರಡು. ಹನ್ನೆರಡು ವರ್ಷ ಆ ಮನೆಯವರು ಕಾದರು.

ನಮ್ಮ ಮಕ್ಕಳೆಲ್ಲ ಟೆನಿಸ್ ಆಡಲಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಬಹಳ ರೊಕ್ಕ ಬೇಕು. ಆ ಅನುಕೂಲ ನಮಗಿಲ್ಲ. ಆದರೆ ಶಾಲೆ ಇದೆಯಲ್ಲ? ಒಂದನೇ ತರಗತಿಯಿಂದ ಇಂಟರ್ ಮುಗಿಯುವವರೆಗೆ ಎಷ್ಟು ವರ್ಷ? ಅದೂ ಹನ್ನೆರಡೇ. ನಾವೋ, ಏಳಕ್ಕೋ ಎಂಟಕ್ಕೋ ಹೆಣ್ಣುಮಗಳನ್ನು ಬಿಡಿಸುತ್ತೇವೆ. ಹತ್ತಿ ಬಿಡಿಸಲು ಕಳಿಸುತ್ತೇವೆ. ಒಂದು ಪರೀಕ್ಷೆಯಲ್ಲಿ ಫೇಲಾದರೆ ಸಾಕು, ಇವಳಿಗೆ ಓದು ಹತ್ತುವುದಿಲ್ಲ, ಸಂಬಂಧ ನೋಡ್ರಿ ಅನ್ನುತ್ತೇವೆ. 18 ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಅದು ನಿಮಗೆ ಗೊತ್ತು. ನಾನು ಹೇಳುವುದು ಅದಕ್ಕಿಂತ ಹೆಚ್ಚಿನದು. ಅರ್ಧ ಆಟಕ್ಕೆ ಮಗಳನ್ನು ಹೊರಗೆ ಕರೆಯಬ್ಯಾಡ್ರಿ.

ಕೊಡಂಗಲ್, ಪರಿಗಿ, ಚೇವೆಳ್ಳ ದಾಟಿ ಹೈದರಾಬಾದಿಗೆ ಹೋಗುವ ಬಸ್ಸು ಮೊಯಿನಾಬಾದ್ ಮೇಲೆ ಹೋಗುತ್ತದೆ. ಆ ಮೊಯಿನಾಬಾದ್ ಹತ್ತಿರದ ಮುರ್ತುಜಾಗೂಡದಲ್ಲಿ ಸಾನಿಯಾ ಅವರು 2013ರಲ್ಲಿ ಟೆನಿಸ್ ಕಲಿಸುವ ಅಕಾಡೆಮಿ ತೆರೆದರು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಊರಿನ ಬೋರ್ಡುಗಳನ್ನು ನೀವೇ ಓದಿ. ಮೊಯಿನಾಬಾದ್ ಬಂದಾಗ ಪಕ್ಕದಲ್ಲಿ ಕೂತ ಮಗಳಿಗೆ ಈ ಕತೆ ಹೇಳಿ.

ಕೊನೆಗೆ ಒಂದು ಕೆಲಸ. ಬರುವ ವಾರ ಎಲ್ಲರೂ ಮಗಳ ಪ್ರೋಗ್ರೆಸ್ ಕಾರ್ಡ್ ತನ್ನಿ. ಹೋದ ವರ್ಷದ್ದು, ಈ ವರ್ಷದ್ದು, ಎರಡೂ ತನ್ನಿ. ಪಾಸೋ ಫೇಲೋ ಅಂತ ಮೊದಲು ನೋಡಬ್ಯಾಡ್ರಿ. ಎರಡರ ಅಂಕಿ ಪಕ್ಕ ಪಕ್ಕ ಬರೆದು, ಎಲ್ಲಿ ಒಂದು ನಾಲ್ಕಾಗಿದೆ ಅಂತ ಇಲ್ಲೇ ಕೂತು ಹುಡುಕೋಣ.