ಸೀಗಡಿ ಬಲೆಗೆ ಬೀಳುವ ಮರಿಮೀನು: ಗ್ರಾಮ ಪಂಚಾಯಿತಿಗಳ ಪಾತ್ರ

(ಕರಾವಳಿ ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸೀಗಡಿಗೆಂದು ಎಳೆಯುವ ಟ್ರಾಲ್ ಬಲೆಯಲ್ಲಿ ಸೀಗಡಿಯೊಂದೇ ಬರುವುದಿಲ್ಲ. ಸಮುದ್ರತಳಕ್ಕೆ ತಾಗಿ ಸಾಗುವ ಆ ಬಲೆಗೆ ಮರಿಮೀನು, ಏಡಿ, ಒಮ್ಮೊಮ್ಮೆ ಕಡಲಾಮೆಯೂ ಬೀಳುತ್ತವೆ. ದಕ್ಕೆಯಲ್ಲಿ ಸೀಗಡಿಯನ್ನು ಆರಿಸಿದ ಮೇಲೆ ಉಳಿಯುವ ರಾಶಿಯ ಬಹುಪಾಲು ಮೀನುಹಿಟ್ಟಿನ ಕಾರ್ಖಾನೆಗೆ ಅಗ್ಗದ ದರಕ್ಕೆ ಹೋಗುತ್ತದೆ. ಅದರಲ್ಲಿರುವ ಬೆರಳುದ್ದದ ರಾಣಿಮೀನಿನ ಮರಿಗಳು ಬೆಳೆದಿದ್ದರೆ ಹರಾಜಿನಲ್ಲಿ ಉತ್ತಮ ಬೆಲೆ ತರುತ್ತಿದ್ದವು. ಅವುಗಳೊಂದಿಗೆ ನಾಡದೋಣಿಯವರ ಮತ್ತು ಬುಟ್ಟಿ ಹೊತ್ತು ಮೀನು ಮಾರುವ ಮಹಿಳೆಯರ ನಾಳಿನ ದುಡಿಮೆಯೂ ಕರಗುತ್ತದೆ.

ದೋಷವಿರುವುದು ಬಲೆಯ ತುದಿಯ ಚೀಲದಲ್ಲಿ. ಸಾಮಾನ್ಯ ಚೀಲದ ಕಣ್ಣುಗಳು ವಜ್ರಾಕೃತಿಯವು. ಎಳೆತ ಹೆಚ್ಚಿದಂತೆ ಅವು ಮುಚ್ಚಿಕೊಳ್ಳುತ್ತವೆ. ಚೌಕಾಕಾರದ ಕಣ್ಣುಗಳು ತೆರೆದೇ ಇರುವುದರಿಂದ ಮರಿಗಳು ನುಸುಳಿ ಪಾರಾಗುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಇಂತಹ ಚೀಲವನ್ನೂ ಆಮೆಗಳನ್ನು ಹೊರಬಿಡುವ ಸಾಧನವನ್ನೂ ನಮ್ಮ ದೋಣಿಗಳಿಗೆ ಹೊಂದುವಂತೆ ರೂಪಿಸಿದೆ. ಚೀಲಕ್ಕೆ ಮುನ್ನ ಓರೆಯಾಗಿ ಕೂರಿಸಿದ ಸರಳುಗಳ ನಡುವೆ ಸೀಗಡಿ ಒಳಸೇರುತ್ತದೆ. ಆಮೆ ಸರಳಿಗೆ ತಾಗಿ ಕಿಂಡಿಯಿಂದ ಹೊರಹೋಗುತ್ತದೆ. ಈ ಸಾಧನದ ಬಳಕೆ ಇಲ್ಲವೆಂಬ ಕಾರಣದಿಂದಲೇ ಅಮೆರಿಕವು 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸೀಗಡಿಯ ಆಮದನ್ನು ತಡೆಯಿತು.

ಚೌಕ ಕಣ್ಣಿನಿಂದ ಸ್ವಲ್ಪ ಸೀಗಡಿಯೂ ಜಾರಿಹೋಗುವುದುಂಟು. ಇದನ್ನು ಮರೆಮಾಚಿದರೆ ದೋಣಿ ಮಾಲೀಕರು ಉಳಿದ ಮಾತನ್ನೂ ನಂಬಲಾರರು. ಒಂದೇ ದೋಣಿ ಚೀಲ ಬದಲಿಸಿದರೆ ನಷ್ಟ ಅದರದು, ಲಾಭ ಎಲ್ಲರದು. ಬಂದರಿನ ಎಲ್ಲ ದೋಣಿಗಳೂ ಒಟ್ಟಾಗಿ ಬದಲಿಸಿದಾಗ ಮಾತ್ರ ಕ್ರಮ ನ್ಯಾಯವಾಗುತ್ತದೆ, ಫಲವೂ ದೊರೆಯುತ್ತದೆ.

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಜಾರಿ ಮೀನುಗಾರಿಕೆ ಇಲಾಖೆಯ ಹೊಣೆ. ಪಂಚಾಯಿತಿಗೆ ದಂಡ ವಿಧಿಸುವ ಅಧಿಕಾರವಿಲ್ಲ. ಆದರೆ ದೋಣಿ ಮಾಲೀಕರು, ಕಾರ್ಮಿಕರು, ನಾಡದೋಣಿಯವರು ಹಾಗೂ ಮೀನು ಮಾರುವ ಮಹಿಳೆಯರನ್ನು ಒಂದೆಡೆ ಕೂರಿಸಬಲ್ಲ ವೇದಿಕೆ ಗ್ರಾಮಸಭೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧಾವಧಿಯಲ್ಲಿ ಬಲೆಗಳು ದಡದಲ್ಲಿರುತ್ತವೆ. ದುರಸ್ತಿಯೂ ಆಗಲೇ ನಡೆಯುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ವಿಶೇಷ ಗ್ರಾಮಸಭೆ ಕರೆದು, ಇಲಾಖೆಯ ಅಧಿಕಾರಿಗಳಿಂದ ಪ್ರಾತ್ಯಕ್ಷಿಕೆ ಏರ್ಪಡಿಸಿ, ಒಮ್ಮತದ ನಿರ್ಣಯ ಕೈಗೊಳ್ಳುವುದು ಸೂಕ್ತ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ದಕ್ಕೆಗೆ ಬರುವ ಮರಿಮೀನುಗಳ ಜಾತಿ ಹಾಗೂ ಗಾತ್ರವನ್ನು ದಾಖಲಿಸಿದರೆ, ಮುಂದಿನ ವರ್ಷದ ಚರ್ಚೆಗೆ ಊರಿನದೇ ಲೆಕ್ಕ ಕೈಯಲ್ಲಿರುತ್ತದೆ.

ಬೀಜದ ಭತ್ತವನ್ನು ಅನ್ನಕ್ಕೆ ಬಳಸದ ವಿವೇಕ ಕೃಷಿಕರಲ್ಲಿದೆ. ಅದೇ ವಿವೇಕ ಕಡಲಿಗೂ ಸಲ್ಲಲಿ.