ಬಾವಿಗೆ ಬಿದ್ದ ಗೆಳೆತನ



ಕರಜಗಿಯಂಥ ಭೀಮಾ ತೀರದ ಊರುಗಳಲ್ಲಿ ಬಯಲಾಟಕ್ಕೆ ಕೂತವರಿಗೆ ಗೊತ್ತು. ಇಬ್ಬರು ಹೆಂಗಸರು ಒಬ್ಬ ಗಂಡಸಿಗಾಗಿ ಜಗಳಕ್ಕಿಳಿದರೆ ತೂಕಡಿಸುವವರೂ ಎದ್ದು ಕೂಡುತ್ತಾರೆ. ಶರ್ಮಿಷ್ಠೆ, ದೇವಯಾನಿಯರ ಕಥೆಯನ್ನೂ ನಾವು ಸವತಿಯರ ಜಗಳವೆಂದೇ ಕೇಳಿಕೊಂಡು ಬಂದಿದ್ದೇವೆ. ಆದರೆ ಆ ಜಗಳ ಹುಟ್ಟಿದಾಗ ಅವರಿಬ್ಬರ ನಡುವೆ ಬಂದ ಅರಸ ಯಯಾತಿ ಅಲ್ಲಿರಲೇ ಇಲ್ಲ.

ಶರ್ಮಿಷ್ಠೆ ದೊರೆ ವೃಷಪರ್ವನ ಮಗಳು, ದೇವಯಾನಿ ಅವನ ಗುರು ಶುಕ್ರಾಚಾರ್ಯರ ಮಗಳು. ಅಕ್ಕತಂಗಿಯರ ಹಾಗೆ ಕೂಡಿ ಆಡಿದವರು. ನೀರಾಟಕ್ಕಿಳಿದಾಗ ದಂಡೆಯ ಮೇಲಿದ್ದ ಬಟ್ಟೆಗಳು ಗಾಳಿಗೆ ಕಲಸಿಹೋದವು; ಶರ್ಮಿಷ್ಠೆ ತಿಳಿಯದೆ ದೇವಯಾನಿಯ ಬಟ್ಟೆ ಉಟ್ಟಳು. ಅಷ್ಟೇ. ಶಿಷ್ಯನ ಮಗಳಿಗೆ ಎಷ್ಟು ಸೊಕ್ಕು ಎಂದಳು ಒಬ್ಬಳು. ನಿನ್ನಪ್ಪ ನನ್ನಪ್ಪನ ಮುಂದೆ ಕೈಯೊಡ್ಡಿ ನಿಲ್ಲುವವನು ಎಂದಳು ಇನ್ನೊಬ್ಬಳು. ಶರ್ಮಿಷ್ಠೆ ಗೆಳತಿಯನ್ನು ಹಾಳುಬಾವಿಗೆ ನೂಕಿ ಮನೆ ಸೇರಿದಳು. ಬೇಟೆಯಾಡಿ ಬಾಯಾರಿದ ಯಯಾತಿ ಆ ಬಾವಿಗೆ ಬಂದು ಇಣುಕಿದ್ದು ಆಮೇಲೆ.

ಕೈಹಿಡಿದು ಎತ್ತಿದವನನ್ನೇ ದೇವಯಾನಿ ಮದುವೆಯಾದಳು. ಅದಕ್ಕೂ ಮೊದಲೇ ಸೇಡು ತೀರಿಸಿಕೊಂಡಿದ್ದಳು: ಶರ್ಮಿಷ್ಠೆ ಸಾವಿರ ಸಖಿಯರೊಂದಿಗೆ ಅವಳ ದಾಸಿ. ಇವಳನ್ನು ಮಾತ್ರ ಹಾಸಿಗೆಗೆ ಕರೆಯಬೇಡ ಎಂದು ಶುಕ್ರಾಚಾರ್ಯರು ಅಳಿಯನಿಗೆ ಹೇಳಿಯೇ ಕಳಿಸಿದ್ದರು. ಆದರೂ ಶರ್ಮಿಷ್ಠೆ, ಗೆಳತಿಯ ಗಂಡ ನನಗೂ ಗಂಡನೇ ಎಂದು ಅರಸನೊಡನೆ ವಾದಿಸಿ ಗೆದ್ದಳು. ಯಾವನೋ ಋಷಿಯ ಕೃಪೆಯೆಂದು ದೇವಯಾನಿಗೆ ಸುಳ್ಳು ಹೇಳುತ್ತ ಮೂರು ಗಂಡುಮಕ್ಕಳನ್ನು ಹೆತ್ತಳು. ನನಗಂತೂ ಅದರಲ್ಲಿ ಪ್ರೀತಿಯೂ ಕಾಣುತ್ತದೆ, ಬಾವಿಯ ಲೆಕ್ಕವೂ ಕಾಣುತ್ತದೆ. ಒಂದು ದಿನ ಆ ಮಕ್ಕಳು ಆಡುತ್ತಿದ್ದಾಗ ನಿಮ್ಮಪ್ಪ ಯಾರೆಂದು ದೇವಯಾನಿಯೇ ಕೇಳಿದಳು. ಅವು ಬೆರಳು ಮಾಡಿ ಪಕ್ಕದಲ್ಲಿದ್ದ ಯಯಾತಿಯನ್ನೇ ತೋರಿಸಿದವು.

ದೇವಯಾನಿ ಅಪ್ಪನಿಗೆ ದೂರು ಹೇಳಿದಳು; ಮಾವನ ಶಾಪದಿಂದ ಯಯಾತಿಗೆ ಮುಪ್ಪು ಬಂತು. ಅದನ್ನು ಹೊತ್ತವನು ಶರ್ಮಿಷ್ಠೆಯ ಕಿರಿಮಗ ಪುರು. 1961ರಲ್ಲಿ ಬಂದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದರು. ಹೊಸದಾಗಿ ಮನೆ ತುಂಬಿದ ಆ ಸೊಸೆ ವಿಷ ಕುಡಿದು ಸಾಯುತ್ತಾಳೆ. ಬಾವಿಯ ಜಗಳಕ್ಕೂ ಅವಳಿಗೂ ಏನು ಸಂಬಂಧ?

ಇಂಥ ಜಗಳ ಪುರಾಣದಲ್ಲಷ್ಟೇ ಇಲ್ಲ. ನಮ್ಮ ಕಡೆ ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು ತಂಗಿಯನ್ನೂ ಅದೇ ಮನೆಗೆ ಕೊಡುವುದಿತ್ತು. ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆ ಕೂಡದೆಂದು ಹಿಂದೂ ವಿವಾಹ ಕಾಯ್ದೆ 1955ರಲ್ಲೇ ಹೇಳಿದ ಮೇಲೂ ಅದು ಒಮ್ಮೆಲೇ ನಿಲ್ಲಲಿಲ್ಲ. ಹಿರಿಯರು ಕೂತು ಗೊತ್ತುಮಾಡುತ್ತಿದ್ದರು. ಮುಂದೆ ಒಲೆಯ ಮುಂದೆ ಇಬ್ಬರ ಮುಖ ಮುರಿದರೆ, ಹೆಂಗಸರ ಬುದ್ಧಿಯೇ ಇಷ್ಟು ಎಂದು ಎದ್ದುಹೋಗುವವರೂ ಅದೇ ಹಿರಿಯರು. ಅಕ್ಕನನ್ನೂ ತಂಗಿಯನ್ನೂ ಮೊದಲೇ ಕೂಡಿಸಿಕೊಂಡು ಕೇಳಿದವರು ಎಷ್ಟು ಮಂದಿ?

ಮತ್ತೆ ಕಥೆಗೆ ಬಂದರೆ, ದೇವಯಾನಿಯ ಮಗ ಯದು, ಶರ್ಮಿಷ್ಠೆಯ ಮಗ ಪುರು. ಎಷ್ಟೋ ತಲೆಮಾರಿನ ಮೇಲೆ ಯದುವಂಶದ ಸುಭದ್ರೆ ಪುರುವಂಶದ ಅರ್ಜುನನ ಕೈಹಿಡಿದು, ಗೊಲ್ಲತಿಯ ವೇಷದಲ್ಲಿ ಸವತಿ ದ್ರೌಪದಿಯ ಮುಂದೆ ಬಂದು ನಿಂತಳು. ನಾನು ನಿನ್ನ ದಾಸಿ ಎಂದಳು. ದ್ರೌಪದಿ ಎದ್ದು ಅವಳನ್ನು ಅಪ್ಪಿಕೊಂಡಳು.