ಹಾಲಿಗೊಂದು ಪರೀಕ್ಷೆ, ಮಾತಿಗೂ ಒಂದು ಪರೀಕ್ಷೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆದು ಬರುವುದು ಸಣ್ಣ ಮಾತಲ್ಲ. ಇಷ್ಟು ವರ್ಷ ಇದು ನಡೆದದ್ದು ಯಾವುದರ ಮೇಲೆ? ನಂಬಿಕೆಯ ಮೇಲೆ ಅಂತೀರಿ, ನಿಜ. ಆದರೆ ಆ ನಂಬಿಕೆಗೆ ಕೆಳಗೆ ಒಂದು ಪರೀಕ್ಷೆ ಇದೆ. ಬೆಳಿಗ್ಗೆ ನೀವು ತಂದ ಹಾಲನ್ನು "ಇದು ನಮ್ಮಣ್ಣನ ಮನೆ ಹಾಲು, ಒಳ್ಳೇದೇ ಇರುತ್ತೆ" ಅಂತ ಯಾರೂ ಹಾಗೇ ಸುರಿದುಕೊಳ್ಳೋದಿಲ್ಲ. ಅಧ್ಯಕ್ಷರ ಮನೆ ಹಾಲಾದರೂ ಸರಿ, ಮಾದರಿ ತೆಗೀಬೇಕು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಬೇಕು.

ಒಂದೇ ಪರೀಕ್ಷೆಯೂ ಸಾಲದು ಅನ್ನೋದು ನಿಮಗೆ ಗೊತ್ತು. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಆಳಕ್ಕೆ ಮುಳುಗುತ್ತೆ. ಕೆನೆ ತೆಗೆದರೆ ಮೇಲಕ್ಕೆ ತೇಲುತ್ತೆ. ಎರಡನ್ನೂ ಲೆಕ್ಕ ಹಾಕಿ ಮಾಡಿದವನ ಹಾಲು ಆ ಗಾಜಿನ ಕಡ್ಡಿಯ ಕಣ್ಣಿಗೆ ಒಳ್ಳೆ ಹಾಲಿನ ಹಾಗೇ ಕಾಣುತ್ತೆ. ಅದಕ್ಕೇ ಫ್ಯಾಟನ್ನೂ ನೋಡೋದು.

ಹಾಲಿನ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು, ಊಟ, ಪಥ್ಯ, ವ್ಯಾಯಾಮದ ವಿಷಯದಲ್ಲಿ ಯಾರು ಏನು ಹೇಳಿದರೂ ಅಳೆಯದೆ ಸುರಿದುಕೊಳ್ಳುತ್ತೇವೆ. ಹಿಂದೆ ಜಗಲಿಯ ಮೇಲೆ ಹುಟ್ಟುತ್ತಿದ್ದ ಮಾತು ಈಗ ಮೊಬೈಲಿನಲ್ಲಿ ಹುಟ್ಟುತ್ತಿದೆ, ಅಷ್ಟೇ ವ್ಯತ್ಯಾಸ. ಹಿರಿಯರ ಮಾತೆಲ್ಲ ಸುಳ್ಳು, ಪೇಟೆಯವರ ಮಾತೆಲ್ಲ ನಿಜ ಅಂತ ನಾನು ಹೇಳಲು ಬಂದಿಲ್ಲ. ಎರಡಕ್ಕೂ ಒಂದೇ ಅಳತೆ ಇಡೋಣ ಅನ್ನೋದಷ್ಟೇ ನನ್ನ ಮಾತು.

ಮೊದಲು ಗಿಣ್ಣಿನ ವಿಷಯ. ಹಸು ಕರು ಹಾಕಿದ ಕೂಡಲೇ ನೀವು ಏನು ಮಾಡ್ತೀರಿ? ಕರುವಿಗೆ ಗಿಣ್ಣುಹಾಲು ಕುಡಿಸ್ತೀರಿ. ಕುಡಿಸದಿದ್ದರೆ ಕರು ಉಳಿಯೋದು ಕಷ್ಟ ಅಂತ ನಿಮಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಬರುವುದೇ ಗಿಣ್ಣಿನಿಂದ, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಆದರೆ ಅದೇ ಮನೆಯಲ್ಲಿ ಸೊಸೆ ಹೆತ್ತಾಗ? ಮೊದಲ ದಿನದ ಗಟ್ಟಿಯಾದ ಹಳದಿ ಹಾಲನ್ನು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲಿ, ಮಗುವಿನ ನಾಲಿಗೆಗೆ ಸಕ್ಕರೆ ನೀರನ್ನೋ ಜೇನುತುಪ್ಪವನ್ನೋ ಮುಟ್ಟಿಸುವ ಮನೆಗಳು ಇನ್ನೂ ಇವೆ. ಆ ಹಳದಿ ಹಾಲು ತಾಯಿಯ ಗಿಣ್ಣು. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಸ್ವಲ್ಪ ರಕ್ಷಣೆ ಪಡೆದು ಬರುತ್ತೆ, ನಿಜ. ಆದರೂ ಕರುಳಿಗೆ ಕಾವಲು ಕೂರುವುದು ಈ ಹಾಲೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ನೀರೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವಂತೂ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕ ಮಕ್ಕಳು ನೂರಕ್ಕೆ 42ರಷ್ಟು ಮಾತ್ರ. ಕರುವಿಗೆ ಸಿಗುವ ನ್ಯಾಯ ಮಗುವಿಗೆ ಸಿಗಬೇಡವೇ?

ಹಾಲಿನ ಸಂಘದಲ್ಲೇ ನಿಂತು ಇನ್ನೊಂದು ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ವರ್ಷ ತುಂಬುವ ಮೊದಲು ಹಸುವಿನ ಹಾಲು ತಾಯಿ ಹಾಲಿನ ಬದಲಿ ಅಲ್ಲ. ಆದರೆ ಆಮೇಲೆ? ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆ ಮಕ್ಕಳಿಗೆ ಬರೀ ಟೀ ಕೊಟ್ಟು, ಬಟವಾಡೆ ದುಡ್ಡಿನಲ್ಲಿ ಟಿವಿಯಲ್ಲಿ ತೋರಿಸಿದ ಪುಡಿಯ ಡಬ್ಬ ತರುವುದು ಯಾವ ಲೆಕ್ಕ? ಆ ಡಬ್ಬದಲ್ಲಿ ಸಕ್ಕರೆ ಎಷ್ಟಿದೆ ಅಂತ ಹಿಂಬದಿ ಓದಿ ನೋಡಿ. ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ, ಅಂಥ ಹೆಸರಿನಡಿ ಇವನ್ನು ಮಾರಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು. ಡೇರಿಗೆ ಹೊರಡುವ ಮೊದಲು ಮಕ್ಕಳಿಗೆ ಒಂದೊಂದು ಲೋಟ ಹಾಲು ತೆಗೆದಿಡಿ. ಅದೇ ದೊಡ್ಡ ಟಾನಿಕ್ಕು.

ಎರಡನೆಯದು ವಾಂತಿ ಭೇದಿ. "ಭೇದಿ ಆಗ್ತಿರೋ ಮಗೂಗೆ ನೀರು ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ, ಹೊಟ್ಟೆ ಒಣಗಲಿ ಬಿಡು" ಎನ್ನುವ ಮಾತು ಕೇಳಿದ್ದೀರಿ. ನೋಡಲು ನ್ಯಾಯವಾಗೇ ಕಾಣುತ್ತೆ. ಆದರೆ ಮಗು ಸಾಯುವುದು ಹೆಚ್ಚಾಗಿ ಭೇದಿಯಿಂದಲ್ಲ, ಮೈಯಲ್ಲಿನ ನೀರು, ಉಪ್ಪು ಬತ್ತಿ ಹೋಗುವುದರಿಂದ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿದು ಹೋಗುವ ಸ್ಥಿತಿ. ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಲೋಟ ಲೋಟ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಕರುಳು ಉಪ್ಪನ್ನೂ ಸಕ್ಕರೆಯನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುವಾಗ ಅವುಗಳ ಹಿಂದೆ ನೀರೂ ಹೋಗುತ್ತೆ. ಇದೇ ಅದರ ಗುಟ್ಟು.

ಇವತ್ತು ಆ ಪೊಟ್ಟಣ ನಮ್ಮ ಆಶಾ ಅಕ್ಕನ ಚೀಲದಲ್ಲಿದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಮಟ್ಟವಾಗಿ ಅರ್ಧ ಟೀ ಚಮಚ ಉಪ್ಪು. ಕೈಯಳತೆ ಬೇಡ, ಉಪ್ಪು ಹೆಚ್ಚಾದರೆ ಅದೂ ಅಪಾಯ. ಜೊತೆಗೆ ಜಿಂಕ್ ಮಾತ್ರೆಯನ್ನು ಅವರು ಹೇಳಿದಷ್ಟು ದಿನ ಕೊಡಿ, ತಾಯಿ ಹಾಲು, ಊಟ ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಗುಳಿ ಬಿದ್ದ ಕಣ್ಣು, ಮಂಪರು, ಕುಡಿಯಲೂ ಆಗದ ಸ್ಥಿತಿ ಇದ್ದರೆ ಮನೆಯಲ್ಲಿ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ.

ಮೂರನೆಯದು ಬಸುರಿ ಹೆಂಗಸರ ಊಟ. "ಹೆಚ್ಚು ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ," "ಮೊಟ್ಟೆ ಉಷ್ಣ," "ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತೆ." ಮಗುವಿನ ಬಣ್ಣಕ್ಕೂ ಆ ಮಾತ್ರೆಗೂ ಸಂಬಂಧವೇ ಇಲ್ಲ. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ ಎಂದು ಕಂಡುಬಂದಿದೆ. ನಮ್ಮ ರಾಜ್ಯದ ಲೆಕ್ಕವೂ ಅರ್ಧಕ್ಕೆ ಹತ್ತಿರವೇ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಬರುತ್ತೆ. ಆದ್ದರಿಂದ ಇದು ನಂಬಿಕೆಯ ಚರ್ಚೆಯಲ್ಲ, ಪ್ರಾಣದ ಪ್ರಶ್ನೆ. ಮಾತ್ರೆಯನ್ನು ಟೀ ಜೊತೆಯಾಗಲಿ ಹಾಲಿನ ಜೊತೆಯಾಗಲಿ ನುಂಗಬೇಡಿ, ಕಬ್ಬಿಣ ಮೈಗೆ ಹತ್ತೋದಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಹತ್ತುತ್ತೆ. ಇದನ್ನು ನಮ್ಮ ಅಜ್ಜಿಯರು ರುಚಿಗೆ ಅಂತ ಮಾಡುತ್ತಿದ್ದರು, ಪರೀಕ್ಷೆಯಲ್ಲೂ ಗೆದ್ದಿತು.

ಪರಂಗಿ ಹಣ್ಣಿನ ಮಾತೂ ಹೀಗೇ, ಅರ್ಧ ನಿಜ. ಕಾಯಿಯ ಹಾಲಿನಂಥ ಅಂಟು ಗರ್ಭಕೋಶವನ್ನು ಹಿಂಡಬಲ್ಲದು ಅಂತ ಪ್ರಾಣಿಗಳ ಮೇಲಿನ ಪ್ರಯೋಗ ತೋರಿಸಿದೆ, ಕಾಯಿ ಬೇಡ. ಪೂರಾ ಕಳಿತ ಹಣ್ಣಿಗೆ ಆ ದೋಷ ಕಂಡಿಲ್ಲ. ಇನ್ನು 2017ರಲ್ಲಿ ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇರುವುದು ನಿಮ್ಮ ಸೊಸೆಯಂದಿರಿಗಾಗಿಯೇ. ಅತ್ತೆಯವರೇ ಮುಂದೆ ನಿಂತು ಕಳಿಸಿಕೊಡಿ.

ನಾಲ್ಕನೆಯದು ರಾಗಿ, ಬೆಲ್ಲ ಮತ್ತು ಸಕ್ಕರೆ ಕಾಯಿಲೆ. ರಾಗಿ ದೊಡ್ಡ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೊಳಕೆ ಕಟ್ಟಿದರೆ ಅದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತೆ. ಆದರೆ "ರಾಗಿ ತಿಂದರೆ ಶುಗರ್ ಬರೋದೇ ಇಲ್ಲ, ಬಂದದ್ದೂ ಹೋಗುತ್ತೆ" ಅನ್ನೋದು ಬೇರೆ ಮಾತು. ಅದೇ 100 ಗ್ರಾಂ ರಾಗಿಯಲ್ಲಿ 65 ಗ್ರಾಂಗಿಂತ ಹೆಚ್ಚು ಶರ್ಕರಪಿಷ್ಟ ಇದೆ. ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ. ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ರಕ್ತದ ಸಕ್ಕರೆ ಬೇಗ ಏರುತ್ತೆ. ಮೂರು ಮುದ್ದೆ ಉಂಡು ಆರಂಬ ಹೂಡುತ್ತಿದ್ದ ಕಾಲ ಬೇರೆ, ಮೂರು ಮುದ್ದೆ ಉಂಡು ಬೈಕ್ ಹತ್ತುವ ಕಾಲ ಬೇರೆ. ಮುದ್ದೆ ಸಣ್ಣದಿರಲಿ, ಸೊಪ್ಪು, ಕಾಳಿನ ಸಾರು ಜಾಸ್ತಿಯಿರಲಿ.

"ಸಕ್ಕರೆ ಬೇಡ, ಬೆಲ್ಲ ಪರವಾಗಿಲ್ಲ" ಅಂತಲೂ ಹೇಳ್ತಾರೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜ ಇದೆ, ಒಪ್ಪೋಣ. ಆದರೆ ಅದರ ಬಹುಭಾಗ ಸಕ್ಕರೆಯೇ. ಆಲೆಮನೆಯಲ್ಲಿ ಬಂದದ್ದಾದರೂ ಫ್ಯಾಕ್ಟರಿಯಲ್ಲಿ ಬಂದದ್ದಾದರೂ ಎರಡರ ತಾಯಿ ಕಬ್ಬು ತಾನೇ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಯಾರದೋ ವಿಡಿಯೋ ನೋಡಿ ಮಾತ್ರೆ ಬಿಟ್ಟು ಎಲೆ ಕಷಾಯಕ್ಕೆ ಬಿದ್ದವರ ಕಾಲು, ಕಣ್ಣು, ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತೆ. ಸೊಪ್ಪುಸದೆಯನ್ನು ನಾನು ಹಳಿಯುತ್ತಿಲ್ಲ. ಇವತ್ತು ಡಾಕ್ಟರು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯೂರೋಪಿನ ಒಂದು ಹೂಗಿಡವೇ. ಆದರೆ ಅದು ಗಿಡದಿಂದ ಮಾತ್ರೆಯಾಗುವ ಹೊತ್ತಿಗೆ ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ವಿಷ ಅಂತ ಅಳೆದು ನೋಡಿದ್ದಾರೆ. ಕಷಾಯ ಕುಡಿಯುವವರು ಕುಡಿಯಿರಿ, ಆದರೆ ಡಾಕ್ಟರಿಗೆ ತಿಳಿಸಿ, ಮಾತ್ರೆ ಬಿಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಕೊನೆಯದು ವ್ಯಾಯಾಮ. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಎರಡಂತಸ್ತಿನ ಬಸ್ಸಿನ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿ 1953ರಲ್ಲಿ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಕುಳಿತೇ ಇರುವ ಡ್ರೈವರುಗಳಿಗೆ ಹೆಚ್ಚು. ಆದರೆ ಅವರು ಅಷ್ಟಕ್ಕೇ ಹಿಗ್ಗಿ ಸುಮ್ಮನಾಗಲಿಲ್ಲ. ಡ್ರೈವರುಗಳು ಕೆಲಸಕ್ಕೆ ಸೇರುವ ಮೊದಲೇ ದಪ್ಪಗಿದ್ದರೋ ಏನೋ ಅಂತ ಅನುಮಾನಪಟ್ಟು, ಅವರ ಸಮವಸ್ತ್ರದ ಪ್ಯಾಂಟಿನ ಸೊಂಟದಳತೆಯ ದಾಖಲೆ ತರಿಸಿ ನೋಡಿದರು. ಹೌದು, ಡ್ರೈವರುಗಳ ಸೊಂಟ ಮೊದಲಿಂದಲೂ ಸ್ವಲ್ಪ ದೊಡ್ಡದೇ ಇತ್ತು! ಅದನ್ನೂ ಅವರು ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಮುಂದೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳೂ ಮೈ ಆಡಿಸುವುದು ಹೃದಯಕ್ಕೆ ಒಳ್ಳೆಯದು ಅಂತಲೇ ಹೇಳಿದ ಮೇಲೆ ಮಾತು ಗಟ್ಟಿಯಾಯಿತು. ತನ್ನ ಮಾತನ್ನು ತಾನೇ ಅನುಮಾನಿಸುವವನ ಮಾತು ನಂಬಲು ಯೋಗ್ಯ.

ಇದರ ಎದುರಿಗೆ "ದಿನಕ್ಕೆ ಹತ್ತು ಸಾವಿರ ಹೆಜ್ಜೆ" ಎಂಬ ಮಂತ್ರ ನೋಡಿ. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ. ನಡೆಯುವುದು ಒಳ್ಳೆಯದೇ, ಆದರೆ ಅದಕ್ಕಿಂತ ಕಡಿಮೆ ನಡೆದರೂ ಲಾಭವಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಕೆಲಸ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಇದು ಲೆಕ್ಕಕ್ಕಿಲ್ಲ. ಹಾಲಿನ ಕ್ಯಾನನ್ನು ನಾಲ್ಕು ಮಾರು ದೂರಕ್ಕೂ ಬೈಕಿನಲ್ಲಿ ತರುವವರು ಯೋಚಿಸಬೇಕು! ಇನ್ನು ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಪ್ರೋಟೀನ್ ಪುಡಿ ತರುತ್ತಾರೆ. ಮೈಕಟ್ಟಿಗಾಗಿ ಅಂಥ ಪುಡಿ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಹುರುಳಿ, ಅವರೆ, ಹಾಲು, ಮೊಟ್ಟೆ ನಮ್ಮಲ್ಲೇ ಇಲ್ಲವೇ?

ಹಾಗಾದರೆ ಹೊಸ ಮಾತು ಕಿವಿಗೆ ಬಿದ್ದಾಗ ಏನು ಮಾಡಬೇಕು? ನಾಲ್ಕು ಪ್ರಶ್ನೆ ಕೇಳಿ ಸಾಕು.

ಒಂದು: ಇದನ್ನು ಹೇಳಿದವರಿಗೆ ಇದರಿಂದ ದುಡ್ಡು ಬರುತ್ತದೆಯೇ?

ಎರಡು: ಮಾಡಿದವರನ್ನೂ ಮಾಡದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆಯೇ? ಹಸುವಿಗೆ ಸೂಜಿ ಕೊಡಿಸಿದ ದಿನವೇ ಕೊರಳಿಗೆ ಮಂತ್ರಿಸಿದ ದಾರವನ್ನೂ ಕಟ್ಟಿ, ಗಬ್ಬ ನಿಂತ ಮೇಲೆ ದಾರಕ್ಕೆ ಕೈ ಮುಗಿದರೆ ಹೇಗೆ? ಒಬ್ಬರಿಗೆ ಗುಣವಾಯಿತು ಅನ್ನೋದು ಸುದ್ದಿ, ಸಾಕ್ಷಿಯಲ್ಲ.

ಮೂರು: ಎಷ್ಟು? ಅಳತೆ ಹೇಳದ ಸಲಹೆ, ಲೀಟರ್ ಹೇಳದೆ ಬರೆದ ಹಾಲಿನ ಚೀಟಿಯಿದ್ದ ಹಾಗೆ.

ನಾಲ್ಕು: ನಂಬಿ ಮೋಸ ಹೋದರೆ ನಷ್ಟ ಎಷ್ಟು? ನೆಗಡಿಗೆ ಮೆಣಸಿನ ಸಾರು ಕುಡಿದರೆ ನಷ್ಟವಿಲ್ಲ, ಬಾಯಿಗೆ ರುಚಿಯಾದರೂ ಆಯಿತು. ಮಗುವಿನ ನೀರು, ಬಸುರಿಯ ಊಟ, ಕಾಯಿಲೆಯವರ ಮಾತ್ರೆ ಕಿತ್ತುಕೊಳ್ಳುವ ಮಾತಾದರೆ ಮಾತ್ರ ಹತ್ತು ಸಲ ಪರೀಕ್ಷಿಸಿ.

ಪರೀಕ್ಷೆ ಮಾಡಿದರೆ ಅವಮಾನ ಅಂತ ಈ ಸಂಘದ ಯಾವ ಸದಸ್ಯರೂ ಅಂದುಕೊಂಡಿಲ್ಲ. ಒಳ್ಳೆ ಹಾಲು ಹಾಕುವವನಿಗೆ ಪರೀಕ್ಷೆಯಿಂದ ಲಾಭವೇ. ಒಳ್ಳೆ ಮಾತಿಗೂ ಅಷ್ಟೇ. ಅಜ್ಜಿಯ ಮಾತಿರಲಿ, ಡಾಕ್ಟರ ಮಾತಿರಲಿ, ಇವತ್ತು ನಾನು ಆಡಿದ ಮಾತೂ ಇರಲಿ, ಅಳೆದು ತೆಗೆದುಕೊಳ್ಳಿ.

ಈ ಸಂಘ ಬಂಗಾರದ ಹಬ್ಬ ಕಾಣಲಿ, ಇಂದು ತಾಯಿಯ ಮಡಿಲಲ್ಲಿರುವ ಮಕ್ಕಳು ಅಂದು ಈ ವೇದಿಕೆಯ ಮೇಲೆ ಕೂರುವಂತಾಗಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.